ಮೈಸೂರಿಂದ ರೀಗಾಕ್ಕೆ: ನನ್ನ ಎಕ್ಸೆಲ್ ಶೀಟು ಮತ್ತು ದಾರಿ ತಪ್ಪಿದ ಬ್ಯಾಗು

ಮಗಳು ಫೋನ್ ಮಾಡಿ ಅಮ್ಮ ಜೂನ್‌ನಲ್ಲಿ ನನ್ ಕಾನ್ವೊಕೇಶನ್ನು, ಇಬ್ರೂ ಬರ್ಲೇಬೇಕು ಅಂದಾಗ ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಹೂಂ ಕಣೇ ಬರ್ತೀವಿ ಅಂದ್ಬಿಟ್ಟೆ. ಇದು 2024ರ ಜನವರಿ ಮಾತು. ಅವ್ಳು ಓದ್ತಿದ್ದಿದ್ದು ರೀಗಾದಲ್ಲಿ, ಲಾಟ್ವಿಯಾ ದೇಶದ ರಾಜಧಾನಿ, ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ. ಎರಡು ವರ್ಷದಿಂದ ನೆಂಟರಿಷ್ಟರಿಗೆಲ್ಲ ಲಾಟ್ವಿಯಾ ಅಂದ್ರೆ ಎಲ್ಲಿ ಬರತ್ತೆ ಅಂತ ಹೇಳಿ ಹೇಳಿ ನಂಗೇ ಸಾಕಾಗಿತ್ತು. ಮೇಲೆ ಎಸ್ಟೋನಿಯಾ, ಕೆಳಗೆ ಲಿಥುವೇನಿಯಾ, ನಡುವೆ ಲಾಟ್ವಿಯಾ, ಪಕ್ಕದಲ್ಲಿ ಬಾಲ್ಟಿಕ್ ಸಮುದ್ರ. ಓ ರಷ್ಯಾನಾ ಅಂತಾರೆ. ಅಲ್ಲ ಕಣ್ರೀ, 2004ರಿಂದ ಯೂರೋಪಿಯನ್ ಯೂನಿಯನ್ನು, 2014ರಿಂದ ದುಡ್ಡೂ ಯೂರೋನೇ ಅಂದ್ರೆ ಹೌದಾ ಅಂತಾರೆ, ಮುಂದಿನ ಮದುವೇಲಿ ಸಿಕ್ಕಾಗ ಮತ್ತೆ ಮಗಳು ರಷ್ಯಾದಲ್ಲಿದಾಳಲ್ವಾ ಅಂತ್ಲೇ ಕೇಳ್ತಾರೆ.

ನಮ್ಮೆಜಮಾನ್ರು ಪಿಯುಸಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದು ರಿಟೈರ್ ಆದವ್ರು. ಧರ್ಮಸ್ಥಳದಿಂದ ಆಚೆಗೆ ಹೋಗೋದಂದ್ರೇ ಬೇಜಾರು ಅವ್ರಿಗೆ, ನೀನ್ ಹೋಗ್ಬಾ ನಾನ್ ಮನೆ ನೋಡ್ಕೋತೀನಿ ಅಂತ ಶುರು ಮಾಡಿದ್ರು. ಅವ್ರನ್ನ ಒಪ್ಪಿಸಿದ್ದು ನಾನೂ ಅಲ್ಲ ಮಗಳೂ ಅಲ್ಲ, ಓಸ್ಟ್‌ವಾಲ್ಡ್ ಅನ್ನೋ ಹಳೇ ಕಾಲದ ಕೆಮಿಸ್ಟ್ರಿ ವಿಜ್ಞಾನಿ. ಮಗಳು ಒಂದಿನ ಸುಮ್ನೆ ಮಾತಿಗೆ ಅಪ್ಪ ನಿಮ್ ಓಸ್ಟ್‌ವಾಲ್ಡ್ ಇದೇ ಊರವ್ನಂತೆ, ಇದೇ ಕಾಲೇಜಲ್ಲಿ ಮೇಷ್ಟ್ರಾಗಿದ್ನಂತೆ ಅಂದ್ಲು. ಮೂವತ್ತು ವರ್ಷ ಬೋರ್ಡ್ ಮೇಲೆ ಓಸ್ಟ್‌ವಾಲ್ಡ್ ನಿಯಮ, ನೈಟ್ರಿಕ್ ಆಸಿಡ್ ಮಾಡೋ ಓಸ್ಟ್‌ವಾಲ್ಡ್ ವಿಧಾನ ಅಂತ ಬರ್ದೂ ಬರ್ದೂ ಚಾಕ್‌ಪೀಸ್ ಸವೆಸಿದ ಮನುಷ್ಯ, ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಮೊಬೈಲಲ್ಲಿ ಓದಿದ್ದೇ ಓದಿದ್ದು. 1853ರಲ್ಲಿ ರೀಗಾದಲ್ಲಿ ಹುಟ್ಟಿದ್ದು, ಅಲ್ಲಿನ ಪಾಲಿಟೆಕ್ನಿಕಲ್ಲಿ ಪಾಠ ಮಾಡಿದ್ದು, ಆರೀನಿಯಸ್ ಅನ್ನೋ ಇನ್ನೊಬ್ಬ ವಿಜ್ಞಾನಿ ಬಂದು ಅಲ್ಲೇ ಅವ್ರ ಜೊತೆ ಕೆಲ್ಸ ಮಾಡಿದ್ದು, 1909ರಲ್ಲಿ ನೊಬೆಲ್ಲು. ಬೆಳಿಗ್ಗೆ ಕಾಫಿ ಕುಡೀತಾ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯೇ ಅಂದ್ರು.

ನಾನು ಬ್ಯಾಂಕಲ್ಲಿ ಇಪ್ಪತ್ತೆಂಟು ವರ್ಷ ಲೆಡ್ಜರ್ ನೋಡಿದವ್ಳು. ಎಕ್ಸೆಲ್ ಶೀಟ್ ಇಲ್ದೆ ನಂಗೆ ಹಬ್ಬಾನೂ ಮಾಡಕ್ಕೆ ಬರಲ್ಲ. ಅವತ್ತೇ ಒಂದು ಶೀಟ್ ಮಾಡ್ದೆ. ಕೆಲ್ಸ, ಯಾರು, ಯಾವಾಗ, ಎಷ್ಟು, ಆಯ್ತಾ, ಅಂತ ಐದು ಕಾಲಂ.

ಮೊದ್ಲು ಟಿಕೆಟ್ಟು. ಬೆಂಗ್ಳೂರಿಂದ ರೀಗಾಕ್ಕೆ ನೇರ ವಿಮಾನ ಇಲ್ಲ, ಎಲ್ಲಾದ್ರೂ ಇಳಿದು ಹತ್ಲೇಬೇಕು. ಗ್ಲೋಬ್ ಇಟ್ಕೊಂಡು ದಾರ ಹಿಡಿದ್ರೆ ಸುಮಾರು ಆರೂವರೆ ಸಾವಿರ ಕಿಲೋಮೀಟರು, ಆ ದಾರ ಪಾಕಿಸ್ತಾನ, ಆಫ್ಘಾನಿಸ್ತಾನ ದಾಟಿ ರಷ್ಯಾ ಮೇಲೆ ಹಾದು ಹೋಗತ್ತೆ. ಆದ್ರೆ 2022ರ ಫೆಬ್ರವರಿಯಿಂದ ಯೂರೋಪಿನ ಕಂಪನಿಗಳಿಗೆ ರಷ್ಯಾ ಆಕಾಶ ಬಂದ್, ಇವ್ರು ಅವ್ರಿಗೆ ಮುಚ್ಚಿದ್ರು ಅವ್ರು ಇವ್ರಿಗೆ ಮುಚ್ಚಿದ್ರು. ಹಂಗಾಗಿ ಪಶ್ಚಿಮಕ್ಕೆ ಹೋಗಿ ಅಲ್ಲಿಂದ ಮತ್ತೆ ಪೂರ್ವಕ್ಕೆ ವಾಪಸ್ ಬರೋದು, ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬರಕ್ಕೆ ಮಡಿಕೇರಿ ಸುತ್ಕೊಂಡು ಬಂದಂಗೆ. ಗಲ್ಫ್ ಮೇಲೆ ಹೋಗೋ ದಾರಿ ಇತ್ತು, ಇಸ್ತಾಂಬುಲ್ ಇತ್ತು, ಯೂರೋಪಿನ ದೊಡ್ಡ ಏರ್‌ಪೋರ್ಟುಗಳಲ್ಲಿ ಇಳಿದು ಹೋಗೋದಿತ್ತು. ಲಂಡನ್ ಮೇಲೆ ಕಮ್ಮಿಗೆ ಕಾಣಿಸ್ತು, ಆದ್ರೆ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಬರೀ ವಿಮಾನ ಬದ್ಲಾಯಿಸಕ್ಕೂ ಟ್ರಾನ್ಸಿಟ್ ವೀಸಾ ಬೇಕು, ಅದನ್ನ ಕೆಂಪು ಬಣ್ಣ ಹಚ್ಚಿ ಡಿಲೀಟ್ ಮಾಡ್ದೆ.

ಇಲ್ಲೊಂದು ವಿಷ್ಯ ಹೇಳ್ಬೇಕು. ಎರಡು ಬೇರೆ ಬೇರೆ ಟಿಕೆಟ್ ತಗೊಂಡ್ರೆ ಒಬ್ಬೊಬ್ರಿಗೆ ಹದಿಮೂರು ಸಾವಿರ ಉಳೀತಿತ್ತು. ಯಜಮಾನ್ರು ಅದೇ ಮಾಡೋಣ ಅಂದ್ರು. ನಾನು ಒಪ್ಲಿಲ್ಲ. ಒಂದೇ ಬುಕಿಂಗ್ ಆದ್ರೆ ಮೊದ್ಲನೇ ವಿಮಾನ ತಡವಾಗಿ ಎರಡ್ನೇದು ತಪ್ಪಿದ್ರೆ ಮುಂದಿನ ವಿಮಾನಕ್ಕೆ ಹತ್ತಿಸೋದು ಅವ್ರ ಜವಾಬ್ದಾರಿ, ಬ್ಯಾಗೂ ಸೀದಾ ರೀಗಾವರೆಗೂ ಹೋಗತ್ತೆ. ಬೇರೆ ಬೇರೆ ಆದ್ರೆ ನಾವೇ ಬ್ಯಾಗ್ ಎತ್ಕೊಂಡು ಮತ್ತೆ ಚೆಕಿನ್ ಮಾಡ್ಬೇಕು, ತಪ್ಪಿದ್ರೆ ನಮ್ಮ ಕರ್ಮ. ಒಂದೇ ಬುಕಿಂಗ್ ತಗೊಂಡೆ, ಇಬ್ರಿಗೆ ಒಂದು ಲಕ್ಷದ ನಲವತ್ತೆರಡು ಸಾವಿರ ಆಯ್ತು. ನಡುವೆ ಒಂದು ಗಂಟೆ ಇಪ್ಪತ್ತೈದು ನಿಮಿಷ ಟೈಮು. ಸಾಕು ಅನ್ನಿಸ್ತು. ಕಂಪನಿ ಯಾವ್ದು, ನಡುವೆ ಇಳಿದ ಊರು ಯಾವ್ದು ಅಂತ ಮಾತ್ರ ಹೇಳಲ್ಲ, ಕಾರಣ ಮುಂದೆ ಗೊತ್ತಾಗತ್ತೆ.

ಟಿಕೆಟ್ ಬುಕ್ ಮಾಡೋವಾಗ ಬಂದಿದ್ದು ನಮ್ಮೂರ ಕಡೆಯವ್ರಿಗೆಲ್ಲ ಬರೋ ತಾಪತ್ರಯ. ಸರ್‌ನೇಮು. ನನ್ ಪಾಸ್‌ಪೋರ್ಟಲ್ಲಿ ಹೆಸ್ರು ಬರೀ ಸರೋಜ, ಸರ್‌ನೇಮ್ ಜಾಗ ಖಾಲಿ. ವೆಬ್‌ಸೈಟಲ್ಲಿ ಲಾಸ್ಟ್ ನೇಮ್ ಹತ್ರ ಕೆಂಪು ನಕ್ಷತ್ರ, ತುಂಬ್ದೆ ಇದ್ರೆ ಮುಂದಕ್ಕೇ ಹೋಗಲ್ಲ. ಇನಿಶಿಯಲ್ ಹಾಕಿ ಅಂದ ಒಬ್ಬ, ಗಂಡನ ಹೆಸ್ರು ಹಾಕಿ ಅಂದ ಇನ್ನೊಬ್ಬ, ಪಾಸ್‌ಪೋರ್ಟಲ್ಲಿ ಇಲ್ದೇ ಇರೋದನ್ನ ಹಾಕಿದ್ರೆ ಗೇಟಲ್ಲಿ ನಿಲ್ಲಿಸ್ತಾರೆ ಅಂತ ನಂಗೆ ಭಯ. ಕೊನೆಗೆ ಕಂಪನಿಗೇ ಫೋನ್ ಮಾಡಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ, ಎರಡೂ ಕಡೆ ಅದೇ ಹೆಸ್ರು ಹಾಕಿ ಮೇಡಂ ಅಂದ್ಳು ಒಬ್ಬಳು. ಹಂಗಾಗಿ ನಾನು ಸರೋಜ ಸರೋಜ ಆದೆ, ಯಾರೋ ಅಡುಗೆಮನೆಯಿಂದ ಕೂಗಿದಂಗೆ. ಯಜಮಾನ್ರದ್ದು ಇನ್ನೂ ಚೆಂದ, ಅವ್ರ ಇನಿಶಿಯಲ್ಲನ್ನ ಪಾಸ್‌ಪೋರ್ಟ್ ಆಫೀಸಲ್ಲಿ ಬಿಡಿಸಿ ಬರೆಸಿದ್ದಕ್ಕೆ ಊರ ಹೆಸ್ರು ಕೀಲಾರ ಮೊದ್ಲು, ಆಮೇಲೆ ಅಪ್ಪನ ಹೆಸ್ರು, ಆಮೇಲೆ ತಮ್ಮದು. ಪ್ರಯಾಣ ಪೂರ್ತಿ ಎಲ್ರೂ ಅವ್ರನ್ನ ಮಿಸ್ಟರ್ ಕೀಲಾರ ಅಂತ್ಲೇ ಕರೆದ್ರು. ಮಂಡ್ಯ ತಾಲ್ಲೂಕಿನ ನಮ್ಮೂರಿಗೆ ಎಂಥ ಮರ್ಯಾದೆ ನೋಡು ಅಂತ ಅವ್ರಿಗೆ ಖುಷಿಯೋ ಖುಷಿ.

ವೀಸಾ. ಷೆಂಗೆನ್ ವೀಸಾ ಅಂದ್ರೆ ಒಂದು ಚೀಟಿಗೆ ಹೆಚ್ಚುಕಮ್ಮಿ ಇಡೀ ಯೂರೋಪ್ ಸುತ್ಬಹುದು, ಆದ್ರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀವೋ ಅವ್ರ ಹತ್ರಾನೇ ಅರ್ಜಿ ಹಾಕ್ಬೇಕು. ಯಜಮಾನ್ರು ಹೋಗೋದು ಹೋಗ್ತೀವಿ, ಎಸ್ಟೋನಿಯಾದ ತಾಲಿನ್, ಲಿಥುವೇನಿಯಾದ ವಿಲ್ನಿಯಸ್, ಅಲ್ಲಿಂದ ಪ್ಯಾರಿಸ್ ಅಂತ ಒಂದಿನ ದೊಡ್ಡ ಪಟ್ಟಿ ತಂದ್ರು, ನಾನು ತಾಲಿನ್ ಒಂದು ದಿನ ಬಿಟ್ಟು ಉಳಿದಿದ್ದೆಲ್ಲ ಹೊಡೆದು ಹಾಕ್ದೆ. ಪ್ರಯಾಣದ ಆರು ತಿಂಗಳಿಗಿಂತ ಮುಂಚೆ ಅರ್ಜಿ ತಗೊಳಲ್ಲ, ಹದಿನೈದು ದಿನಕ್ಕಿಂತ ತಡವಾದ್ರೂ ತಗೊಳಲ್ಲ. ಮಾರ್ಚಲ್ಲಿ ಹಾಕೋಣ ಅಂತಿದ್ದೆ, ಅಪಾಯಿಂಟ್ಮೆಂಟ್ ಸಿಗ್ಲಿಲ್ಲ, ರಾತ್ರಿ ಹನ್ನೆರಡಕ್ಕೆ ಒಂದ್ಸಲ ಬೆಳಿಗ್ಗೆ ಐದಕ್ಕೆ ಒಂದ್ಸಲ ಸೈಟ್ ತೆಗ್ದು ನೋಡ್ತಿದ್ದೆ, ಅಂತೂ ಏಪ್ರಿಲ್ ಕೊನೇ ವಾರ ಎರಡು ಜಾಗ ತೋರಿಸ್ತು, ಒಂದು 26 ಒಂದು 29. ಇಪ್ಪತ್ತಾರು ನಮ್ಮ ಕಡೆ ಲೋಕಸಭೆ ಮತದಾನ. ಓಟು ಹಾಕಿ ಶಾಯಿ ಬೆರಳು ಇಟ್ಕೊಂಡೇ 29ಕ್ಕೆ ಬೆಂಗ್ಳೂರಿಗೆ ಹೋದ್ವಿ. ಬೆರಳಚ್ಚು ಕೊಡೋವಾಗ ಮಷೀನು ಶಾಯಿ ಬೆರಳನ್ನ ತಗೊಳತ್ತೋ ಇಲ್ವೋ ಅಂತ ಇವ್ರಿಗೆ ಚಿಂತೆ. ತಗೊಂತು.

ತಗೊಳ್ದೇ ಇದ್ದಿದ್ದು ನನ್ ಫೋಟೋ. ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರು, ಬಿಳಿ ಹಿನ್ನೆಲೆ, ಮುಖ ಇಷ್ಟು ಪರ್ಸೆಂಟ್ ಇರ್ಬೇಕು ಅಂತ ಚೀಟಿ ಬರೆದುಕೊಟ್ಟೇ ಮೈಸೂರಲ್ಲಿ ಒಂದು ಸ್ಟುಡಿಯೋಲಿ ತೆಗೆಸಿದ್ದೆ. ಆ ಹುಡ್ಗ ಅಳತೆ ಎಲ್ಲ ಸರಿಯಾಗೇ ಮಾಡಿದ್ದ, ಜೊತೆಗೆ ಪ್ರೀತಿಯಿಂದ ನನ್ನ ಗಲ್ಲದ ಮೇಲಿದ್ದ ಮಚ್ಚೆ ತೆಗ್ದು, ಕಣ್ಣಿನ ಕೆಳಗಿನ ಕಪ್ಪೆಲ್ಲ ಅಳಿಸಿ, ಬಣ್ಣ ಎರಡು ಪಟ್ಟು ಜಾಸ್ತಿ ಮಾಡಿದ್ದ. ಕೌಂಟರಲ್ಲಿದ್ದವ್ಳು ಫೋಟೋ ನೋಡಿದ್ಲು, ನನ್ನ ನೋಡಿದ್ಲು, ಮತ್ತೆ ಫೋಟೋ ನೋಡಿದ್ಲು. ಇದು ನಿಮ್ ತಂಗಿಯದ್ದಾ ಮೇಡಂ ಅಂತ ಕೇಳ್ಲಿಲ್ಲ ಅಷ್ಟೇ. ಅಲ್ಲೇ ಮೂಲೇಲಿದ್ದ ಮಷೀನಲ್ಲಿ ಮತ್ತೆ ತೆಗೆಸಿದ್ವಿ. ಈ ಸಲ ಬಂದಿದ್ದು ನಿಜವಾದ ನಾನು, ಮಚ್ಚೆ ಸಮೇತ.

ಉಳಿದಂತೆ ಮೂರು ವರ್ಷದ ಇನ್‌ಕಂ ಟ್ಯಾಕ್ಸ್ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು, ಪೆನ್ಷನ್ ಸ್ಲಿಪ್ಪು, ಮೂವತ್ತು ಸಾವಿರ ಯೂರೋಗೆ ಕಮ್ಮಿ ಇಲ್ದಂಗೆ ಟ್ರಾವೆಲ್ ಇನ್ಶೂರೆನ್ಸು, ರೂಮ್ ಬುಕಿಂಗು, ಮಗಳ ಯೂನಿವರ್ಸಿಟಿ ಪತ್ರ. ದಿನದಿನದ ಪ್ಲಾನ್ ಕೊಡಿ ಅಂದಾಗ ನನ್ನ ಶೀಟಿನ ಪ್ರಿಂಟ್ ತೆಗ್ದು ಕೊಟ್ಟೆ, ಆ ಹುಡ್ಗಿ ತಿರುಗಿಸಿ ತಿರುಗಿಸಿ ನೋಡಿ ನಕ್ಕಳು. ಫೀಸು ಆಗ ತಲಾ 80 ಯೂರೋ ಇತ್ತು, ಜೂನ್ 11ರಿಂದ 90 ಆಯ್ತು. ಹದಿನೇಳನೇ ದಿನಕ್ಕೆ ಪಾಸ್‌ಪೋರ್ಟ್ ಬಂತು, ಕೊರಿಯರ್ ಹುಡುಗನ ಎದುರಿಗೇ ಕವರ್ ಹರಿದು ನೋಡಿದ್ದು, ವೀಸಾ ಅಂಟಿಸಿತ್ತು. ಅವ್ನಿಗೆ ಮೈಸೂರ್ ಪಾಕ್ ಕೊಟ್ಟೆ.

ಪ್ಯಾಕಿಂಗು. ನಮ್ಮತ್ತೆಗೆ ಎಂಬತ್ನಾಲ್ಕು, ಮೊಮ್ಮಗಳಿಗೆ ಅಂತ ಬೆಣ್ಣೆ ಕಾಯ್ಸಿ ಒಂದು ಕೇಜಿ ತುಪ್ಪ ಮಾಡಿಟ್ಟಿದ್ರು. ಅದನ್ನ ಒಯ್ಯಕ್ಕಾಗಲ್ಲ, ಯೂರೋಪಿನ ಹೊರಗಿಂದ ಹೋಗೋವ್ರು ಹಾಲಿನ ಪದಾರ್ಥ ಮಾಂಸದ ಪದಾರ್ಥ ಏನನ್ನೂ ತರಂಗಿಲ್ಲ ಅಂತ ಕಾನೂನು. ತುಪ್ಪ ಏನ್ ಮಾಡತ್ತೆ ಅವ್ರಿಗೆ ಅಂತ ಅತ್ತೆ ಕೇಳಿದ್ದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ. ಮಗಳು ಕೇಳಿದ್ದು ಬಾದಾಮಿ ಮಾವಿನಹಣ್ಣು, ಅದೂ ನಡೆಯಲ್ಲ, ಹಸಿ ಕರಿಬೇವೂ ಇಲ್ಲ, ಸರ್ಟಿಫಿಕೇಟ್ ಬೇಕು. ಹಣ್ಣುಗಳಲ್ಲಿ ಐದಕ್ಕೆ ಮಾತ್ರ ವಿನಾಯ್ತಿ ಅಂತ ಓದ್ದೆ, ಅನಾನಸ್, ಖರ್ಜೂರ, ಡ್ಯೂರಿಯನ್, ತೆಂಗಿನಕಾಯಿ, ಬಾಳೆಹಣ್ಣು. ಹಣ್ಣು ಕಾಯಿ! ಪೂಜೆ ತಟ್ಟೆ ಹಂಗಂಗೇ ಒಯ್ಬಹುದು ಅಂತ ಯೂರೋಪಿನವ್ರು ಒಪ್ಪಿದ್ದಾರೆ ಅಂತ ಯಜಮಾನ್ರು ನಂಜನಗೂಡು ರಸಬಾಳೆ ತರಕ್ಕೇ ಹೊರಟ್ರು, ಅಲ್ಲಿಗೆ ಹೋಗೋಷ್ಟರಲ್ಲಿ ಕರ್ರಗೆ ಆಗತ್ತೆ ಅಂತ ತಡೆದೆ. ಒಣಕೊಬ್ಬರಿ ಮಾತ್ರ ವಿಮಾನದಲ್ಲೇ ಬಿಡಲ್ಲ, ಎಣ್ಣೆ ಅಂಶ ಜಾಸ್ತಿ, ಬಿಸಿಯಾಗಿ ಹೊತ್ಕೊಳೋ ವಸ್ತು ಅಂತ. ಕೊನೆಗೆ ಹೋಗಿದ್ದು ಶೇಂಗಾ ಚಟ್ನಿಪುಡಿ, ಹುರುಳಿಕಾಳಿನ ಪುಡಿ, ಸಾರಿನಪುಡಿ, ಹಪ್ಪಳ, ಉಪ್ಪಿನಕಾಯಿ ಮೂರು ಪದರ ಕವರಲ್ಲಿ. ಎಲ್ಲಾ ದೊಡ್ಡ ನೀಲಿ ಬ್ಯಾಗಲ್ಲಿ. ಸ್ವೆಟರುಗಳೂ ಅದರಲ್ಲೇ. ಕಾನ್ವೊಕೇಶನ್ನಿಗೆ ಅಂತ ಇಟ್ಕೊಂಡಿದ್ದ ಮೈಸೂರ್ ಸಿಲ್ಕ್ ಸೀರೇನೂ ಅದರಲ್ಲೇ. ಶೀಟಲ್ಲಿ ಬರ್ಕೊಂಡಿದ್ದೆ, ನೀಲಿ ಬ್ಯಾಗು, 22.4 ಕೇಜಿ, ಆಯ್ತು.

ಜೂನ್ 14ರ ರಾತ್ರಿ ಮೈಸೂರಿಂದ ಫ್ಲೈಬಸ್ ಹತ್ತಿ ಸೀದಾ ಏರ್‌ಪೋರ್ಟಿಗೆ ಹೋದ್ವಿ. ಎರಡ್ನೇ ಟರ್ಮಿನಲ್ಲು ತುಂಬ ಚೆನ್ನಾಗಿದೆ, ಬಿದಿರಿನ ಚಪ್ಪರ, ಮೇಲಿಂದ ನೇತಾಡೋ ಗಿಡಗಳು, ಮದುವೆ ಮಂಟಪಕ್ಕೆ ಬಂದಂಗಿತ್ತು. ವಿಮಾನ ಮಾತ್ರ ಬೆಳಗಿನ ಜಾವ ಒಂದು ಗಂಟೆ ಲೇಟಾಗಿ ಬಿಡ್ತು. ಸೀಟಿಗೆ ಕೂತ ತಕ್ಷಣ ನಾನು ಲೆಕ್ಕ ಹಾಕ್ದೆ, ಒಂದು ಗಂಟೆ ಇಪ್ಪತ್ತೈದು ನಿಮಿಷದಲ್ಲಿ ಒಂದು ಗಂಟೆ ಹೋದ್ರೆ ಉಳಿದಿದ್ದೆಷ್ಟು. ಮೇಲೆ ಹೋದ್ಮೇಲೆ ಸ್ವಲ್ಪ ಹಿಡ್ಕೊಳತ್ತೆ ಬಿಡು ಅಂತ ಇವ್ರು, ಕೆಎಸ್‌ಆರ್‌ಟಿಸಿ ಡ್ರೈವರ್ ಬಗ್ಗೆ ಹೇಳ್ದಂಗೆ ಹೇಳಿ ಮಲಗಿದ್ರು. ಆದ್ರೆ ನಿಜವಾಗ್ಲೂ ಹಿಡ್ಕೊಂತು, ಇಪ್ಪತ್ತು ನಿಮಿಷ.

ಒಂದು ತಿಳ್ಕೊಳಿ, ರೀಗಾಕ್ಕೆ ಹೋದ್ರೂ ಇಮಿಗ್ರೇಶನ್ ಆಗೋದು ಮೊದ್ಲು ಕಾಲಿಟ್ಟ ಷೆಂಗೆನ್ ಊರಲ್ಲಿ. ಆಮೇಲಿನ ವಿಮಾನ ಬೆಂಗ್ಳೂರು ಹುಬ್ಳಿ ಇದ್ದಂಗೆ, ಯಾರೂ ಕೇಳಲ್ಲ. ಅಂದ್ರೆ ಆ ಕ್ಯೂ, ಮತ್ತೆ ಸೆಕ್ಯೂರಿಟಿ ಕ್ಯೂ, ಎರಡೂ ಆ ನಡುವಿನ ಟೈಮಲ್ಲೇ ಮುಗೀಬೇಕು. ನಾನು ಮುಂದಿದ್ದವ್ರಿಗೆಲ್ಲ ಬೋರ್ಡಿಂಗ್ ಪಾಸ್ ತೋರ್ಸಿ ಸಾರಿ ಸಾರಿ ಅಂತ ನುಗ್ಗಿದೆ, ಐವತ್ತೇಳು ವರ್ಷದಲ್ಲಿ ಮೊದಲ್ನೇ ಸಲ ಸೀರೆ ಅಲ್ದೆ ಪ್ಯಾಂಟ್ ಹಾಕಿದ್ದು ಪುಣ್ಯಕ್ಕೆ ಬಂತು. ಆಫೀಸರು ಮಿಸ್ಟರ್ ಕೀಲಾರ, ಯಾಕ್ ಹೋಗ್ತಿದ್ದೀರಿ ಲಾಟ್ವಿಯಾಕ್ಕೆ ಅಂತ ಕೇಳ್ದ. ಮಗಳ ಕಾನ್ವೊಕೇಶನ್ ಅನ್ನೋ ಬದ್ಲು ಈ ಮನುಷ್ಯ ಓಸ್ಟ್‌ವಾಲ್ಡ್ ಅಂದ್ರು! ಅವ್ನು ಒಂದ್ಸಲ ನೋಡಿ ಸ್ಟ್ಯಾಂಪ್ ಹೊಡೆದ. ಗೇಟ್ ಮುಚ್ಚಕ್ಕೆ ಆರು ನಿಮಿಷ ಇದ್ದಾಗ ಒಳಗೆ ಹೋದ್ವಿ.

ನಾವು ಓಡಿದ್ವಿ, ಬ್ಯಾಗ್ ಓಡ್ಲಿಲ್ಲ. ರೀಗಾದ ಚಿಕ್ಕ ಏರ್‌ಪೋರ್ಟಲ್ಲಿ ಬೆಲ್ಟ್ ತಿರುಗಿ ತಿರುಗಿ ನಿಂತೋಯ್ತು, ಕೊನೆಗೆ ಉಳಿದಿದ್ದು ನಾವಿಬ್ರೂ ಮತ್ತೆ ಯಾರದ್ದೋ ಒಂದು ಮಕ್ಕಳ ತಳ್ಳೋಗಾಡಿ. ಇಂಥ ಟೈಮಲ್ಲಿ ಮಾಡ್ಬೇಕಾದ್ದು ಒಂದೇ, ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗೋ ಮುಂಚೆ ಅಲ್ಲೇ ಕೌಂಟರಲ್ಲಿ ಕಂಪ್ಲೇಂಟ್ ಫಾರ್ಮ್ ತುಂಬಿ ನಂಬರ್ ಇಸ್ಕೊಳೋದು. ಒಳಗೆ ಏನೇನಿದೆ ಬರೀರಿ ಅಂದ್ರು. ಚಟ್ನಿಪುಡಿಗೆ ಇಂಗ್ಲಿಷಲ್ಲಿ ಏನಂತ ಬರೆಯೋದು, ಪೌಡರ್ ಅಂತ ಬರೆದ್ರೆ ಬೇರೆ ಅರ್ಥ ಆಗ್ಬಿಡತ್ತೆ ಅಂತ ಬರೀ ಫುಡ್ ಅಂತ ಬರ್ದೆ. ಹೊರಗಡೆ ಮಗಳು ನಿಂತಿದ್ಲು. ಎರಡು ವರ್ಷ ಆಗಿತ್ತು ನೋಡಿ. ಅವಳು ಅಪ್ಪನ್ನ ತಬ್ಕೊಂಡು ಮೊದ್ಲು ಕೇಳಿದ್ದು, ಬ್ಯಾಗೆಲ್ಲಿ?

ಅವತ್ತು ರೀಗಾದಲ್ಲಿ ಹದಿಮೂರು ಡಿಗ್ರಿ, ಮಳೆ. ನಾನು ಮಗಳ ಕೋಟ್ ಹಾಕೊಂಡೆ, ಇವ್ರು ಅವಳ ಯಾವ್ದೋ ಗುಲಾಬಿ ಬಣ್ಣದ ಹೂಡಿ ಹಾಕೊಂಡ್ರು, ಅದನ್ನ ಹಾಕೊಂಡೇ ನಾಲ್ಕು ದಿನ ಊರು ಸುತ್ತಿದ್ರು. ಜೂನ್ ಅಂದ್ರೆ ಬೇಸಿಗೆ ಅಂತ ಬರ್ಕೊಂಡಿದ್ದೆ ಶೀಟಲ್ಲಿ.

ಇನ್ನೊಂದು ಬರ್ಕೊಂಡಿದ್ದೆ, ಸೂರ್ಯಾಸ್ತ ರಾತ್ರಿ 10.20. ಬರ್ಕೊಂಡಿದ್ದು ಹೌದು, ಅರ್ಥ ಮಾಡ್ಕೊಂಡಿರ್ಲಿಲ್ಲ. ಹತ್ತೂ ಇಪ್ಪತ್ತಕ್ಕೆ ಸೂರ್ಯ ಮುಳುಗಿದ್ರೂ ಕತ್ತಲೆ ಆಗಲ್ಲ, ಒಂಥರ ನೀಲಿ ಬೆಳಕು ಹಂಗೇ ಇರತ್ತೆ, ನಾಲ್ಕೂವರೆಗೆ ಮತ್ತೆ ಬಿಸಿಲು. ನಾವು ಹಿಡಿದಿದ್ದ ರೂಮಿನ ಕಿಟಕಿಗೆ ತೆಳ್ಳನೆ ಬಿಳಿ ಪರದೆ. ಮೊದ್ಲನೇ ರಾತ್ರಿ ಮೂರು ಸಲ ಎದ್ದು ಬೆಳಗಾಯ್ತು ಅಂತ ಹಲ್ಲುಜ್ಜಕ್ಕೆ ಹೋದ್ರು ಇವ್ರು. ಎರಡ್ನೇ ರಾತ್ರಿ ನನ್ ಕಪ್ಪು ಶಾಲನ್ನ ಬಟ್ಟೆ ಕ್ಲಿಪ್ ಹಾಕಿ ಪರದೆಗೆ ಸಿಗಿಸಿದೆ, ಒಂದು ಮೂಲೇಲಿ ಗೇಣಗಲ ಸಂದಿ ಉಳೀತು, ಆ ಸಂದಿಯಿಂದ ಬೆಳಕು ಸರಿಯಾಗಿ ಇವ್ರ ಮುಖದ ಮೇಲೆ. ಅದಕ್ಕೆ ಮಗಳ ಡಿಪ್ಲೊಮಾ ಫೈಲಿನ ರಟ್ಟು ಒತ್ತಿ ಇಟ್ಟೆ. ಬೇಸಿಗೇಲಿ ಆ ಕಡೆ ಹೋಗೋವ್ರು ಸ್ವೆಟರ್ ಮರೆತ್ರೂ ಪರ್ವಾಗಿಲ್ಲ, ಕಣ್ಣಿಗೆ ಕಟ್ಕೊಳೋ ಬಟ್ಟೆ ಮರೀಬೇಡಿ.

ಊರ ಬಗ್ಗೆ. 1201ರಲ್ಲಿ ಕಟ್ಟಿದ್ದಂತೆ, ಹಳೇ ಪೇಟೆ ಕಲ್ಲುಹಾಸಿನ ಬೀದಿಗಳು, ನಮ್ಮ ಮಂಡಿನೋವಿಗೆ ಹೇಳಿ ಮಾಡಿಸಿದ್ದಲ್ಲ. ಒಂದು ಹಳದಿ ಕಟ್ಟಡದ ತುದೀಲಿ ಬೆನ್ನು ಕಮಾನು ಮಾಡ್ಕೊಂಡು ನಿಂತ ಕರಿ ಬೆಕ್ಕು ಇದೆ. ವ್ಯಾಪಾರಿಗಳ ಸಂಘದವ್ರು ತನ್ನನ್ನ ಸೇರಿಸ್ಕೊಳ್ಲಿಲ್ಲ ಅಂತ ಮನೆ ಮಾಲೀಕ ಸಿಟ್ಟಲ್ಲಿ ಬೆಕ್ಕಿನ ಹಿಂಭಾಗವನ್ನ ಎದುರಿನ ಸಂಘದ ಕಟ್ಟಡಕ್ಕೆ ತಿರುಗಿಸಿ ಕೂರಿಸಿದ್ದ ಅಂತ ಕಥೆ. ನಮ್ಮ ಬ್ಯಾಂಕ್ ಎಂಪ್ಲಾಯೀಸ್ ಸೊಸೈಟಿ ನೆನಪಾಯ್ತು. ಆಲ್ಬರ್ಟ್ ಬೀದೀಲಿ ನೂರು ಚಿಲ್ಲರೆ ವರ್ಷದ ಮನೆಗಳ ಮೇಲೆಲ್ಲ ಕಲ್ಲಿನ ಮುಖಗಳು, ಬಾಯಿ ತೆರೆದು ಕಿರುಚೋವು, ಸಿಂಹಗಳು, ನವಿಲುಗಳು. ಇಂಥ ಆರ್ಟ್ ನುವೋ ಕಟ್ಟಡಗಳು ಊರಲ್ಲಿ ಸುಮಾರು 800 ಇವೆಯಂತೆ. ಸೋಮನಾಥಪುರದಲ್ಲಿ ಕತ್ತೆತ್ತಿ ನೋಡ್ದಂಗೇ ನೋಡಿದ್ವಿ.

ನಂಗೆ ಮಾತ್ರ ಇಷ್ಟ ಆಗಿದ್ದು ಮಾರ್ಕೆಟ್ಟು. ಮೊದಲ್ನೇ ಮಹಾಯುದ್ಧದಲ್ಲಿ ಜರ್ಮನ್ನರು ಜೆಪ್ಪೆಲಿನ್ ಅಂತ ಗಾಳಿಹಡಗು ನಿಲ್ಲಿಸ್ತಿದ್ದ ಶೆಡ್ಡುಗಳ ಕಬ್ಬಿಣ ತಂದು ಮಾಡಿನ ಹಂಗೆ ಹೊದಿಸಿ ಕಟ್ಟಿದ ಐದು ದೊಡ್ಡ ಹಾಲ್‌ಗಳು, 1930ರಲ್ಲಿ ಶುರುವಾಗಿದ್ದು. ದೇವರಾಜ ಮಾರ್ಕೆಟ್ಟನ್ನ ಐದು ಸಲ ದೊಡ್ಡದು ಮಾಡಿ ಮೇಲೆ ಸೂರು ಹಾಕ್ದಂಗೆ. ಮೀನಿನ ಹಾಲ್ ಹತ್ರ ಮೂಗು ಮುಚ್ಕೊಂಡು ಓಡಿದ್ವಿ, ಆದ್ರೆ ಉಪ್ಪಿನಕಾಯಿ ಸಾಲಲ್ಲಿ ಎಲೆಕೋಸು, ಸೌತೆ, ಬೆಳ್ಳುಳ್ಳಿ ಎಲ್ಲ ಹುಳಿ ಬರಿಸಿ ಪೀಪಾಯೀಲಿ ಇಟ್ಕೊಂಡು ಕೂತಿದ್ದ ಅಜ್ಜಿ ಒಂದು ಚೂರು ಕೊಟ್ಲು, ತಿಂದೆ, ಇನ್ನೊಂದು ಕೊಟ್ಲು. ಸೆಣಬಿನ ಜಾತಿಯ ಬೀಜ ರುಬ್ಬಿ ಮಾಡಿದ ಒಂದು ಕಪ್ಪು ಬೂದಿ ಬಣ್ಣದ ಬೆಣ್ಣೆ ಇದೆ, ರೈ ಬ್ರೆಡ್ಡಿಗೆ ಹಚ್ಕೊಂಡು ತಿನ್ನೋದು, ಬಾಯಿಗಿಟ್ಟ ತಕ್ಷಣ ನಂಗೆ ಹುಚ್ಚೆಳ್ಳು ಚಟ್ನಿ ಅನ್ನಿಸ್ತು! ಚಟ್ನಿಪುಡಿ ಬ್ಯಾಗ್ ಇಲ್ದಿದ್ರೂ ಹೊಟ್ಟೆಗೆ ತೊಂದ್ರೆ ಆಗ್ಲಿಲ್ಲ. ಕೆಫಿರ್ ಅಂತ ಹುಳಿ ಮಜ್ಜಿಗೆ ಥರದ್ದು ಎಲ್ಲಾ ಅಂಗಡೀಲೂ ಸಿಗತ್ತೆ, ಮೆತ್ತಗೆ ಮಾಡಿದ ಅನ್ನಕ್ಕೆ ಕಲೆಸಿ ಶುಂಠಿ ಹಾಕಿ ಒಗ್ಗರಣೆ ಕೊಟ್ಟೆ, ಯಜಮಾನ್ರಿಗೆ ಇದು ಮೊಸರನ್ನ ಅಲ್ಲ ಅಂತ ಎರಡು ದಿನ ಗೊತ್ತಾಗ್ಲಿಲ್ಲ.

ಭಾಷೆ ತಮಾಷೆಯಾಗಿದೆ. ಅವ್ರಿಗೆ ದೇವರು ಅಂದ್ರೆ ದಿಯೆವ್ಸ್, ಬೆಂಕಿ ಉಗುನ್ಸ್, ಮೂರು ತ್ರೀಸ್, ನಾಲ್ಕು ಚೆತ್ರಿ. ಅಗ್ನಿ, ಚತುರ್ ಎಲ್ಲ ಕೇಳ್ದಂಗಾಗತ್ತೆ. ಮಾರ್ಕೆಟ್ಟಲ್ಲಿ ಸ್ಟ್ರಾಬೆರಿ ತಗೊಳೋವಾಗ ನಾನು ಚೆತ್ರಿ ಅಂದೆ, ಅವ್ಳು ನಾಲ್ಕು ಡಬ್ಬಿ ಕೊಟ್ಲು, ನನ್ಗೆ ಬೇಕಾಗಿದ್ದು ನಾಲ್ಕು ಯೂರೋದ್ದು. ತಿಂದ್ವಿ.

ಓಸ್ಟ್‌ವಾಲ್ಡ್ ಸ್ಮಾರಕ ಕ್ರೋನ್‌ವಾಲ್ಡ್ ಅನ್ನೋ ಪಾರ್ಕಲ್ಲಿದೆ. ನಾವು ಹೋದಾಗ ಮಳೆ ನಿಂತಿತ್ತು, ಪಾರ್ಕಲ್ಲಿ ಯಾರೂ ಇರ್ಲಿಲ್ಲ. ಗುಲಾಬಿ ಹೂಡಿ ಹಾಕೊಂಡ ಅರವತ್ತೆರಡರ ನಮ್ಮ ಮೇಷ್ಟ್ರು ಅದರ ಮುಂದೆ ಹತ್ತು ನಿಮಿಷ ಸುಮ್ನೆ ನಿಂತಿದ್ರು. ಫೋಟೋ ತೆಗೀಲಾ ಅಂದ್ರೆ ಬೇಡ ಅಂದ್ರು, ಆಮೇಲೆ ತೆಗಿ ಅಂದ್ರು. ಆ ಫೋಟೋನ ಹಳೇ ಸ್ಟೂಡೆಂಟ್ಸ್ ಗ್ರೂಪಿಗೆ ಹಾಕಿದ್ರೆ, ಒಬ್ಬ ಸಾರ್ ಆ ನಿಯಮ ಇನ್ನೂ ಬಾಯಿಪಾಠ ಇದೆ ಅಂತ ಬರ್ದಿದ್ದ, ಇನ್ನೊಬ್ಬ ಸಾರ್ ಹೂಡಿ ಸೂಪರ್ ಅಂತ.

ಬ್ಯಾಗ್ ಬಂದಿದ್ದು 19ನೇ ತಾರೀಕು ಸಂಜೆ, ಕಾನ್ವೊಕೇಶನ್ನಿನ ಹಿಂದಿನ ದಿನ. ಒಂದು ಚಕ್ರ ಇರ್ಲಿಲ್ಲ. ಉಪ್ಪಿನಕಾಯಿ ಮೂರನೇ ಕವರಲ್ಲೇ ನಿಂತಿತ್ತು, ಸೀರೆಗೆ ಏನೂ ಆಗಿರ್ಲಿಲ್ಲ, ಆದ್ರೆ ಮಡಿಕೆ ಬಿಚ್ಚಿದ್ರೆ ಸಾರಿನಪುಡಿ ಘಮ. ಅದನ್ನೇ ಉಟ್ಕೊಂಡು ಹೋದೆ. ಸ್ಟೇಜ್ ಮೇಲೆ ಮಗಳ ಹೆಸ್ರು ಕೂಗಿದಾಗ ಅಲ್ಲೂ ಎಡವಟ್ಟು, ಅಪ್ಪನ ಹೆಸ್ರನ್ನೇ ಕರೆದ್ರು. ಇವ್ರು ಎದ್ದು ನಿಂತ್ಬಿಟ್ಟಿದ್ರು.

ಈಗ ನನ್ನ ಶೀಟಿನ ದೊಡ್ಡ ತಪ್ಪು ಹೇಳ್ತೀನಿ. 23ಕ್ಕೆ ಮ್ಯೂಸಿಯಂ, 24ಕ್ಕೆ ರುಂಡಾಲೆ ಅರಮನೆ ಅಂತ ಹಾಕಿದ್ದೆ. ಜೂನ್ 23, 24 ಎರಡು ದಿನ ಲಾಟ್ವಿಯಾದಲ್ಲಿ ಲೀಗೋ ಮತ್ತೆ ಯಾನಿ ಅಂತ ವರ್ಷದ ಅತಿ ದೊಡ್ಡ ಹಬ್ಬ, ಸರ್ಕಾರಿ ರಜೆ, ಜನ ಎಲ್ಲ ಹಳ್ಳಿಗೆ ಹೋಗ್ಬಿಡ್ತಾರೆ. ದಸರಾ ಟೈಮಲ್ಲಿ ಮೈಸೂರಿಗೆ ಬಂದು ಇವತ್ತೇನು ಇಷ್ಟೊಂದು ಜನ ಅಂತ ಕೇಳ್ದಂಗೆ ನನ್ನ ಕಥೆ, ಉಲ್ಟಾ ಅಷ್ಟೇ. ನಾಲ್ಕು ತಿಂಗಳು ಎಲ್ಲಾ ನೋಡಿದ್ದೆ, ಅವ್ರ ಪಂಚಾಂಗ ಒಂದು ನೋಡಿರ್ಲಿಲ್ಲ. 22ಕ್ಕೆ ಡೋಮ್ ಚೌಕದಲ್ಲಿ ಹೂವು, ಓಕ್ ಸೊಪ್ಪು, ಹುಲ್ಲು, ಶಾಜೀರಿಗೆ ಹಾಕಿದ ಗಿಣ್ಣು ಥರದ ಉಂಡೆ ಚೀಸು ಎಲ್ಲಾ ಗುಡ್ಡೆ ಹಾಕೊಂಡು ಸಂತೆ ನಡೀತಿತ್ತು, ಗೌರಿ ಹಬ್ಬದ ಹಿಂದಿನ ದಿನದ ಹಂಗೆ. ಆಗ್ಲೂ ನಂಗೆ ಹೊಳೀಲಿಲ್ಲ ನೋಡಿ. ಮಗಳ ಫ್ರೆಂಡು, ಲಾಟ್ವಿಯನ್ ಹುಡ್ಗಿ, ನಾಳೆ ಊರಲ್ಲಿ ಏನೂ ಇರಲ್ಲ ಆಂಟಿ, ನಮ್ಮಜ್ಜಿ ಮನೆಗೆ ಬನ್ನಿ ಅಂತ ಸಿಗುಲ್ದಾ ಹತ್ರದ ಅವ್ರ ಹಳ್ಳಿಗೆ ಕರ್ಕೊಂಡು ಹೋದ್ಲು.

ಆ ಅಜ್ಜಿ ನನ್ ತಲೆಗೆ ಕಾಡು ಹೂವಿನ ದಂಡೆ ಇಟ್ಟು, ಇವ್ರಿಗೆ ಓಕ್ ಎಲೆದು ಇಟ್ಲು, ಗಂಡಸ್ರಿಗೆ ಓಕು ಹೆಂಗಸ್ರಿಗೆ ಹೂವು. ಸಂಜೆ ಅಂದ್ರೆ ರಾತ್ರಿ ಹತ್ತಕ್ಕೆ ಬೆಂಕಿ ಹಾಕಿದ್ರು, ಬೆಳಗಾಗೋ ತನಕ ಆರಬಾರದಂತೆ. ಎಲ್ರೂ ಹಾಡಕ್ಕೆ ಶುರು, ಪ್ರತಿ ಸಾಲಿನ ಕೊನೇಲಿ ಲೀಗೋ ಲೀಗೋ ಅಂತ ಸೊಲ್ಲು, ಅಜ್ಜಿ ಒಂದು ಸಾಲು ಹೇಳಿದ್ರೆ ಉಳಿದವ್ರು ಹಿಡ್ಕೊಳೋದು, ನಮ್ಮೂರಲ್ಲಿ ಸೋಬಾನೆ ಹಾಡಿದ್ದು ಹಿಂಗೇ. ಮಧ್ಯರಾತ್ರಿ ಆದ್ಮೇಲೆ ಬೆಂಕಿ ಸ್ವಲ್ಪ ತಗ್ಗಿದಾಗ ಹುಡುಗ್ರು ಹುಡ್ಗೀರು ಜೋಡಿಯಾಗಿ ಕೈ ಹಿಡ್ಕೊಂಡು ಅದರ ಮೇಲೆ ಹಾರಿದ್ರು. ಇವ್ರು ಸುಮ್ನೆ ಕೂತಿದ್ದವ್ರು ಎದ್ದು ಬಂದು, ಕಿಚ್ಚು ಹಾಯಿಸೋದು ಅಂದ್ರು. ಸಂಕ್ರಾಂತಿ ಸಂಜೆ ಕೀಲಾರದಲ್ಲಿ ಹುಲ್ಲಿಗೆ ಬೆಂಕಿ ಹಾಕಿ ದನ ಹಾಯಿಸ್ತಿದ್ದಿದ್ದು, ಎತ್ತಿನ ಹಗ್ಗ ಹಿಡ್ಕೊಂಡು ತಾವೂ ಹಾರ್ತಿದ್ದಿದ್ದು, ಎಲ್ಲಾ ಆ ಹುಡ್ಗಿಗೆ ಕೈಬಾಯಿ ತಿರುಗಿಸಿ ಹೇಳಿದ್ರು, ಅವ್ಳು ಅಜ್ಜಿಗೆ ಹೇಳಿದ್ಲು, ಅಜ್ಜಿ ಇವ್ರ ಕೈ ಹಿಡಿದು ಬೆಂಕಿ ಕಡೆ ಎಳೆದ್ಲು. ನಾನು ಬೇಡ ಬೇಡ ಮಂಡಿ ಮಂಡಿ ಅಂತ ಕೂಗ್ತಾನೇ ಇದ್ದೆ. ಹಾರೇಬಿಟ್ರು, ಬೆಂಕಿ ಅಂಚಲ್ಲಿ ಎಲ್ಲೋ ಗೇಣುದ್ದ ಇತ್ತು, ಆದ್ರೂ ಹಾರಿದ್ದು ಹಾರಿದ್ದೇ. ಆ ಗುಲಾಬಿ ಹೂಡಿ ತೋಳಿಗೆ ಕಿಡಿ ತಾಗಿ ಒಂದು ತೂತು ಬಿತ್ತು. ಈಗ್ಲೂ ಇದೆ, ವಾಪಸ್ ಕೊಡ್ದೆ ತಂದುಬಿಟ್ಟಿದ್ದಾರೆ.

ತಾಲಿನ್‌ಗೆ ಹೋಗ್ಲಿಲ್ಲ, ಆ ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಮಾರನೇ ದಿನ ಪೂರ್ತಿ ಮಲಗಿದ್ವಿ. ವಾಪಸ್ ಹೊರಟಿದ್ದು 29ಕ್ಕೆ. ಬೆಂಗ್ಳೂರಲ್ಲಿ ನಡುರಾತ್ರಿ ಇಳಿದು ಚಕ್ರ ನೆಲಕ್ಕೆ ತಾಗಿದ್ದೇ ತಡ, ಫೋನ್ ಆನ್ ಮಾಡಿದವ್ರೆಲ್ಲ ಒಟ್ಟಿಗೇ ಕಿರುಚಿದ್ರು, ನಂಗೆ ಎದೆ ಧಸಕ್ ಅಂತು. ವರ್ಲ್ಡ್ ಕಪ್ ಗೆದ್ದಿದ್ವಂತೆ.

ಬ್ಯಾಗಿನ ಕಥೆ ಇನ್ನೂ ಮುಗ್ದಿಲ್ಲ. ತಡವಾಗಿ ಬಂದ ಬ್ಯಾಗಿಗೆ ಕೈಗೆ ಸಿಕ್ಕಿದ 21 ದಿನದೊಳಗೆ ಬರವಣಿಗೇಲಿ ಕಂಪ್ಲೇಂಟ್ ಕೊಡ್ಬೇಕು, ಮುರಿದಿದ್ರೆ ಏಳೇ ದಿನ, ಎರಡೂ ಟೈಮಿಗೆ ಮುಂಚೇನೇ ಕಳಿಸಿದ್ದೆ, ನಾಲ್ಕು ದಿನಕ್ಕೆ ಕೊಂಡ ಒಳಬಟ್ಟೆ, ಸಾಕ್ಸು, ಛತ್ರಿ ಎಲ್ಲದರ ಬಿಲ್ಲೂ ಸ್ಕ್ಯಾನ್ ಮಾಡಿ. ನಿಮ್ಮ ವಿಷಯ ಪರಿಶೀಲನೆಯಲ್ಲಿದೆ ಅಂತ ಒಂದು ಮೇಲ್ ಬಂತು, ಡಿಯರ್ ಸರೋಜ ಸರೋಜ ಅಂತ. ಆಮೇಲೆ ಇನ್ನೊಂದು ಬಂತು, ಅದರಲ್ಲೂ ಅದೇ ಇತ್ತು. ಶೀಟಲ್ಲಿ ಎಲ್ಲಾ ಸಾಲಿಗೂ ಆಯ್ತು ಅಂತ ಹಾಕಾಗಿದೆ, ನೀಲಿ ಬ್ಯಾಗಿನ ಸಾಲು ಒಂದು ಖಾಲಿ ಇದೆ.